ಅಪ್ಪನಿಗೆ ಹೊಸ ಮಾತ್ರೆಯ ಟ್ರಯಲ್: ಸಹಿ ಹಾಕುವ ಮುನ್ನ

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ರಾಣೆಬೆನ್ನೂರು ತಾಲ್ಲೂಕಿನಲ್ಲಿ ಹೊಲ ಇದೆ, ಕಂಪನಿಗಳಿಗೆ ಬೀಜೋತ್ಪಾದನೆ ಮಾಡಿಕೊಡುತ್ತಾರೆ. ಬಹಳ ವರ್ಷಗಳಿಂದ ಶುಗರ್ ಇದೆ. ಈಗ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ, ಕ್ರಿಯಾಟಿನಿನ್ ನಿಧಾನವಾಗಿ ಏರುತ್ತಿದೆ. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ತೋರಿಸುತ್ತೇವೆ. ಕಳೆದ ಸಲ ಹೋದಾಗ ಡಾಕ್ಟರು, "ಮುಂದಿನ ತಿಂಗಳು ಕಿಡ್ನಿಯ ಹೊಸ ಮಾತ್ರೆಯ ಟ್ರಯಲ್ ಶುರುವಾಗುತ್ತದೆ, ಯೋಚನೆ ಮಾಡಿ" ಎಂದರು. ಕೋಆರ್ಡಿನೇಟರ್ ಒಬ್ಬರು ಒಂದು ಕಟ್ಟು ಕಾಗದ ಕೊಟ್ಟು, "ಅರ್ಧ ಜನಕ್ಕೆ ಔಷಧ, ಅರ್ಧ ಜನಕ್ಕೆ ಔಷಧ ಇಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿರುವುದಿಲ್ಲ" ಎಂದು ಹೇಳಿದರು. ಕಾಗದದಲ್ಲಿ ನಾಮಿನಿ ಹೆಸರು ಬರೆಯುವ ಜಾಗ ಇದೆ. ಅದನ್ನು ನೋಡಿದಾಗಿನಿಂದ ಅವ್ವ ಸರಿಯಾಗಿ ನಿದ್ದೆ ಮಾಡಿಲ್ಲ. ಅಪ್ಪ ಮಾತ್ರ, "ಡಾಕ್ಟರ್ ಹೇಳಿದ ಮ್ಯಾಲೆ ಮುಗೀತು, ಎಲ್ಲಿ ಸಹಿ ಹಾಕ್ಲಿ ಹೇಳು" ಅನ್ನುತ್ತಾರೆ. ನಮ್ಮ ಕಾಕಾ, "ಅಣ್ಣನ್ನ ಇಲಿ ಮಾಡ್ತಾರ, ಬ್ಯಾಡೇ ಬ್ಯಾಡ" ಅಂತ ಜಗಳಕ್ಕೇ ಬಂದರು. ಬೆಂಗಳೂರಿನಲ್ಲಿರುವ ತಮ್ಮ, ಪುಕ್ಕಟೆ ಚಿಕಿತ್ಸೆ ಸಿಗುತ್ತೆ ಸೇರಿಸಿಬಿಡು ಅನ್ನುತ್ತಾನೆ. ಬೇಡ ಅಂದರೆ ಡಾಕ್ಟರು ಮುನಿಸಿಕೊಂಡಾರೋ ಎಂಬ ಭಯವೂ ಇದೆ. ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯುವವಳು ನಾನೇ. ನಾನು ಹೂಂ ಅಂದು ನಾಳೆ ಏನಾದರೂ ಆದರೆ ಹೇಗೆ ಬದುಕಲಿ? ಬೇಡ ಅಂದು ಆಮೇಲೆ ಡಯಾಲಿಸಿಸ್‌ಗೆ ಹೋದರೆ?
— ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಮೊದಲು ನಾಮಿನಿಯ ಮಾತು ಮುಗಿಸೋಣ, ನಿಮ್ಮ ತಾಯಿಯವರು ಇವತ್ತು ರಾತ್ರಿಯಾದರೂ ಮಲಗಲಿ. ಆ ಜಾಗ ನಿಮ್ಮ ತಂದೆಯವರ ಕಾಯಿಲೆ ನೋಡಿ ಇಟ್ಟದ್ದಲ್ಲ. ನಮ್ಮ ದೇಶದಲ್ಲಿ ಹೊಸ ಔಷಧದ ಯಾವ ಟ್ರಯಲ್‌ಗೆ ಯಾರೇ ಸೇರಲಿ, ಒಪ್ಪಿಗೆ ಪತ್ರದಲ್ಲಿ ಅವರ ಉದ್ಯೋಗ, ವಾರ್ಷಿಕ ಆದಾಯ, ನಾಮಿನಿಯ ಹೆಸರು ಮತ್ತು ಸಂಬಂಧ ಬರೆಸಲೇಬೇಕು ಎಂದು ಕಾನೂನಿದೆ. ಇಪ್ಪತ್ತೈದು ವರ್ಷದ ಗಟ್ಟಿಮುಟ್ಟಾದ ಹುಡುಗ ಸೇರಿದರೂ ಬರೆಸುತ್ತಾರೆ. ಟ್ರಯಲ್‌ನಿಂದಲೇ ಜೀವಕ್ಕೆ ಅಪಾಯವಾದರೆ ಪರಿಹಾರ ಯಾರ ಕೈಗೆ ಹೋಗಬೇಕು ಎಂಬ ಗೊಂದಲ ಇರಬಾರದೆಂದು ಈ ಏರ್ಪಾಟು. ಆ ಕಾಲಂ ಇಲ್ಲದ ಕಾಗದ ಕೈಗೆ ಬಂದಿದ್ದರೆ ನಾನು ಗಾಬರಿಯಾಗುತ್ತಿದ್ದೆ.

ಇನ್ನು ಟ್ರಯಲ್ ಎಂದರೇನು ಎಂಬುದಕ್ಕೆ ಬರೋಣ. ನಿಮ್ಮ ಮನೆಯವರೆಲ್ಲರ ಮಾತಿನಲ್ಲಿ ಒಂದು ತಪ್ಪು ಸಮಾನವಾಗಿದೆ ಅನ್ನಿಸಿತು. ಎಲ್ಲರೂ ಇದನ್ನು ಒಂದು ಬಗೆಯ ಚಿಕಿತ್ಸೆ ಎಂದೇ ನೋಡುತ್ತಿದ್ದೀರಿ: ತಮ್ಮನಿಗೆ ಪುಕ್ಕಟೆ ಚಿಕಿತ್ಸೆ, ಕಾಕಾ ಅವರಿಗೆ ಅಪಾಯದ ಚಿಕಿತ್ಸೆ, ಅಪ್ಪನಿಗೆ ಡಾಕ್ಟರು ಬರೆದುಕೊಟ್ಟ ಚಿಕಿತ್ಸೆ. ಡಾಕ್ಟರು ಚೀಟಿ ಬರೆಯುವಾಗ ನಿಮ್ಮ ತಂದೆಯವರೊಬ್ಬರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಾರೆ. ಬಿಪಿ ಏರಿದರೆ ಡೋಸ್ ಬದಲಿಸುತ್ತಾರೆ, ಕಾಲು ಊದಿದರೆ ಇನ್ನೊಂದು ಮಾತ್ರೆ ಸೇರಿಸುತ್ತಾರೆ. ಟ್ರಯಲ್‌ನಲ್ಲಿ ಹಾಗಲ್ಲ. ಈ ಹೊಸ ಮಾತ್ರೆಯಿಂದ ಇಂಥ ರೋಗಿಗಳಿಗೆ ಉಪಯೋಗ ಇದೆಯೋ ಇಲ್ಲವೋ ಎಂಬ ಒಂದು ಪ್ರಶ್ನೆಗೆ ಉತ್ತರ ಹುಡುಕುವುದು ಅದರ ಉದ್ದೇಶ. ಮೊದಲೇ ಬರೆದಿಟ್ಟ ಕ್ರಮವೊಂದಿರುತ್ತದೆ, ಸೇರಿದ ಎಲ್ಲರೂ ಅದರಂತೆ ನಡೆಯಬೇಕು. ಉತ್ತರ ಸಿಕ್ಕರೆ ಮುಂದೆ ಬರುವ ರೋಗಿಗಳಿಗೆ ಖಂಡಿತ ಉಪಕಾರ. ನಿಮ್ಮ ತಂದೆಯವರಿಗೂ ಉಪಕಾರ ಆಗಬಹುದು, ಆಗದೆಯೂ ಇರಬಹುದು. ಡಾಕ್ಟರು ಇಲ್ಲಿ ಎರಡು ಕೆಲಸ ಹೊತ್ತಿರುತ್ತಾರೆ, ನಿಮ್ಮ ತಂದೆಯ ವೈದ್ಯರೂ ಅವರೇ, ಸಂಶೋಧಕರೂ ಅವರೇ. ಅದರಲ್ಲಿ ಮೋಸವೇನಿಲ್ಲ. ಆದರೆ "ಡಾಕ್ಟರ್ ಹೇಳಿದ ಮ್ಯಾಲೆ ಮುಗೀತು" ಎಂಬ ಮಾತು ಚೀಟಿಗೆ ಸರಿ, ಈ ಕಾಗದಕ್ಕೆ ಸರಿಯಲ್ಲ.

ಇದನ್ನು ಅಪ್ಪನಿಗೆ ಹೇಗೆ ಹೇಳಲಿ ಎಂದು ಕೇಳುತ್ತೀರಿ. ಬೀಜೋತ್ಪಾದನೆ ಮಾಡುವವರಿಗೆ ಹೇಳುವುದು ಸುಲಭ. ಗೋವಿನಜೋಳದ ಹೊಸ ಹೈಬ್ರಿಡ್ ಬಂದಾಗ ಒಂದೇ ಹೊಲದಲ್ಲಿ ಪಕ್ಕಪಕ್ಕ ಪ್ಲಾಟ್ ಮಾಡಿ, ಒಂದರಲ್ಲಿ ಹಳೆಯ ತಳಿ, ಇನ್ನೊಂದರಲ್ಲಿ ಹೊಸತು ಹಾಕಿ, ನೀರು ಗೊಬ್ಬರ ಎರಡಕ್ಕೂ ಸಮ ಕೊಟ್ಟು ನೋಡುತ್ತಾರಲ್ಲ, ಆ ಲೆಕ್ಕ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಒಳ್ಳೆಯ ಮಣ್ಣಿಗೆಲ್ಲ ಹೊಸ ಬೀಜ, ಸವಳು ಜಾಗಕ್ಕೆಲ್ಲ ಹಳೆಯದು ಹಾಕಿದರೆ ಆ ಫಲಿತಾಂಶವನ್ನು ಯಾವ ರೈತನೂ ನಂಬುವುದಿಲ್ಲ. ಅದಕ್ಕೇ ಇಲ್ಲಿ ಯಾರಿಗೆ ಯಾವ ಮಾತ್ರೆ ಎಂಬುದನ್ನು ಡಾಕ್ಟರು ಆರಿಸುವುದಿಲ್ಲ, ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಹಂಚುತ್ತದೆ. ಗೊತ್ತಾದರೆ ಡಾಕ್ಟರು ತಮಗರಿವಿಲ್ಲದೆಯೇ ಒಬ್ಬರನ್ನು ಹೆಚ್ಚು ಜೋಪಾನ ಮಾಡಿಯಾರು, ರೋಗಿ ಧೈರ್ಯದಿಂದಲೇ ಅರ್ಧ ಗುಣವಾದೆನೆಂದಾನು. ಹಾಗಾಗಿ ಇಬ್ಬರಿಂದಲೂ ಮುಚ್ಚಿಡುತ್ತಾರೆ. ತುರ್ತು ಬಂದರೆ ಯಾವ ಮಾತ್ರೆ ಎಂದು ತಕ್ಷಣ ತೆರೆದು ನೋಡುವ ವ್ಯವಸ್ಥೆ ಇರುತ್ತದೆ. ಅದು ಹೇಗೆ, ರಾತ್ರಿ ಎರಡು ಗಂಟೆಗೆ ಯಾರಿಗೆ ಫೋನ್ ಮಾಡಬೇಕು ಎಂದು ಕೋಆರ್ಡಿನೇಟರನ್ನು ಕೇಳಿ ಬರೆದುಕೊಳ್ಳಿ.

ಔಷಧವಿಲ್ಲದ ಮಾತ್ರೆ ಎಂದ ಕೂಡಲೇ ನಿಮ್ಮ ಮನಸ್ಸಿಗೆ ಬಂದಿರಬಹುದು, ಅಪ್ಪನ ಪಾಲಿಗೆ ಅದು ಬಂದರೆ ಅನ್ಯಾಯವಲ್ಲವೇ ಎಂದು. ನಿಮ್ಮ ತಂದೆಯವರದೇ ಕಾಯಿಲೆಯಲ್ಲಿ ನಡೆದ ಎರಡು ದೊಡ್ಡ ಟ್ರಯಲ್‌ಗಳ ಕಥೆ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ.

ಬಾರ್ಡಾಕ್ಸೊಲೋನ್ ಎಂಬ ಔಷಧವೊಂದಿತ್ತು. ಶುಗರ್‌ನಿಂದ ಕಿಡ್ನಿ ಹಾಳಾದವರಿಗೆ ಕೊಟ್ಟು ನೋಡಿದ ಸಣ್ಣ ಟ್ರಯಲ್‌ನಲ್ಲಿ ಕಿಡ್ನಿಯ ಸಂಖ್ಯೆಗಳು ಸುಧಾರಿಸಿದವು. ವೈದ್ಯಲೋಕದಲ್ಲಿ ದೊಡ್ಡ ಆಸೆ ಹುಟ್ಟಿತು. ಆಮೇಲೆ 2,185 ಜನರನ್ನು ಸೇರಿಸಿಕೊಂಡು ದೊಡ್ಡ ಟ್ರಯಲ್ ಶುರುಮಾಡಿದರು, ಸುಮಾರು ಅರ್ಧ ಜನಕ್ಕೆ ಔಷಧ, ಅರ್ಧ ಜನಕ್ಕೆ ಡಮ್ಮಿ, ಅಂದರೆ ಔಷಧವಿಲ್ಲದ ಮಾತ್ರೆ. 2012ರ ಅಕ್ಟೋಬರ್‌ನಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಹೃದಯ ಸೋತು ಆಸ್ಪತ್ರೆ ಸೇರಿದವರು ಅಥವಾ ತೀರಿಕೊಂಡವರು ಔಷಧ ತೆಗೆದುಕೊಂಡ ಗುಂಪಿನಲ್ಲಿ 96 ಜನ, ಡಮ್ಮಿ ಗುಂಪಿನಲ್ಲಿ 55. ಅಲ್ಲಿ ಡಮ್ಮಿ ಮಾತ್ರೆ ಬಂದವರೇ ಪುಣ್ಯವಂತರು.

ಇನ್ನೊಂದು ಡಾಪಾಗ್ಲಿಫ್ಲೋಜಿನ್. ಶುಗರ್‌ಗೆಂದು ಬಂದ ಈ ಮಾತ್ರೆ ಕಿಡ್ನಿಯನ್ನೂ ಉಳಿಸುತ್ತದೆಯೇ ಎಂದು 4,304 ಜನರಲ್ಲಿ ಪರೀಕ್ಷಿಸಿದರು. ಇದೂ 2020ರಲ್ಲಿ ಅವಧಿಗೆ ಮುಂಚೆಯೇ ನಿಂತಿತು, ಆದರೆ ಉಲ್ಟಾ ಕಾರಣಕ್ಕೆ. ಕಿಡ್ನಿ ತೀರಾ ಕುಸಿದವರು, ಡಯಾಲಿಸಿಸ್ ಹಂತ ಮುಟ್ಟಿದವರು, ಕಿಡ್ನಿ ಅಥವಾ ಹೃದಯದ ತೊಂದರೆಯಿಂದ ತೀರಿಕೊಂಡವರು ಎಲ್ಲ ಸೇರಿ ಡಮ್ಮಿ ಗುಂಪಿನ 2,152 ಜನರಲ್ಲಿ 312, ಔಷಧದ ಗುಂಪಿನ ಅಷ್ಟೇ ಜನರಲ್ಲಿ 197. ಲಾಭ ಇಷ್ಟು ಸ್ಪಷ್ಟವಾಗಿ ಕಂಡ ಮೇಲೆ ಡಮ್ಮಿ ಕೊಡುತ್ತ ಹೋಗುವುದು ಸರಿಯಲ್ಲ ಎಂದು ಸ್ವತಂತ್ರ ತಜ್ಞರ ಸಮಿತಿಯೇ ನಿಲ್ಲಿಸಲು ಹೇಳಿತು. ಟ್ರಯಲ್ ನಡೆಯುತ್ತಿರುವಾಗ ಎರಡೂ ಗುಂಪಿನ ಲೆಕ್ಕ ನೋಡುವ ಅಧಿಕಾರ ಇರುವುದು ಅಂಥ ಸಮಿತಿಗೆ. ನಿಮ್ಮ ಟ್ರಯಲ್‌ಗೂ ಅದು ಇದೆಯೇ ಎಂದು ಕೇಳಿ.

ಎರಡರಲ್ಲೂ ಸೇರಿದ ದಿನ ಯಾವ ಡಾಕ್ಟರಿಗೂ ಉತ್ತರ ಗೊತ್ತಿರಲಿಲ್ಲ. ಗೊತ್ತಿದ್ದರೆ ಟ್ರಯಲ್ ಮಾಡುವ ಅಗತ್ಯವೇ ಇರುತ್ತಿರಲಿಲ್ಲ. ಹಾಗಾಗಿ ಡಮ್ಮಿ ಬಂದರೆ ನಷ್ಟ, ಔಷಧ ಬಂದರೆ ಲಾಭ ಎಂದು ಇವತ್ತೇ ಲೆಕ್ಕ ಹಾಕಬೇಡಿ.

ಅನ್ಯಾಯ ಆಗುವ ದಾರಿ ಬೇರೊಂದಿದೆ, ಅದನ್ನು ನೀವು ಕಣ್ಣಿಟ್ಟು ನೋಡಬೇಕು. ಹೊಸ ಮಾತ್ರೆಯೋ ಡಮ್ಮಿಯೋ, ಅದು ಈಗ ನಡೆಯುತ್ತಿರುವ ಚಿಕಿತ್ಸೆಯ ಮೇಲೆ ಹೆಚ್ಚುವರಿಯಾಗಿ ಬರಬೇಕು. ಶುಗರ್, ಬಿಪಿ ಮಾತ್ರೆಗಳು, ಪ್ರೋಟೀನ್ ತಡೆಯುವ ಮಾತ್ರೆ ಎಲ್ಲ ಮುಂದುವರಿಯಬೇಕು. ಯಾವುದನ್ನಾದರೂ ನಿಲ್ಲಿಸುತ್ತೀರಾ, ಯಾಕೆ, ಎಷ್ಟು ದಿನ ಎಂದು ನೇರವಾಗಿ ಕೇಳಿ. ಇನ್ನೂ ಒಂದು ಮಾತು. ನಾನು ಹೇಳಿದ ಡಾಪಾಗ್ಲಿಫ್ಲೋಜಿನ್ ಈಗ ನಮ್ಮಲ್ಲಿ ಅನೇಕ ಕಂಪನಿಗಳ ಹೆಸರಿನಲ್ಲಿ ಸಿಗುವ ಮಾಮೂಲಿ ಮಾತ್ರೆ. ಅದು ಎಲ್ಲರಿಗೂ ಹೊಂದುವುದಿಲ್ಲ, ಆದರೆ ನಿಮ್ಮ ತಂದೆಯ ಚೀಟಿಯಲ್ಲಿ ಅದು ಅಥವಾ ಅದೇ ಗುಂಪಿನ ಮಾತ್ರೆ ಇದೆಯೇ, ಇಲ್ಲದಿದ್ದರೆ ಯಾಕಿಲ್ಲ ಎಂದು ಕೇಳುವ ಹಕ್ಕು ನಿಮಗಿದೆ. ಇರುವ ಒಳ್ಳೆಯ ಚಿಕಿತ್ಸೆ ಪೂರ್ತಿ ಸಿಗಲಿ, ಆಮೇಲೆ ಹೊಸದರ ಪರೀಕ್ಷೆ. ಸಿಗಬೇಕಾದ ಚಿಕಿತ್ಸೆ ತಪ್ಪಿಸಿ ಡಮ್ಮಿ ಕೊಟ್ಟು ತೊಂದರೆಯಾದರೆ ಅದು ಪರಿಹಾರ ಕೊಡಲೇಬೇಕಾದ ಹಾನಿ ಎಂದು ಕಾನೂನಿನಲ್ಲೇ ಬರೆದಿದೆ.

ಕಾಕಾ ಅವರ ಸಿಟ್ಟನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅವರ ಮಾತು ಒರಟು, ಆದರೆ ಅದರ ಹಿಂದೆ ನಿಜವಾದ ಇತಿಹಾಸವಿದೆ. 2009ರಲ್ಲಿ ಆಗಿನ ಅವಿಭಜಿತ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಅಧ್ಯಯನ ನಡೆಯಿತು. 10ರಿಂದ 14 ವರ್ಷದ ಬಡ ಹುಡುಗಿಯರು, ಅನೇಕರು ಬುಡಕಟ್ಟಿನವರು, ಹಾಸ್ಟೆಲಿನಲ್ಲಿದ್ದವರು. ಎಷ್ಟೋ ಒಪ್ಪಿಗೆ ಪತ್ರಗಳಿಗೆ ಸಹಿ ಹಾಕಿದ್ದು ಹಾಸ್ಟೆಲ್ ವಾರ್ಡನ್‌ಗಳು, ತಂದೆತಾಯಿಗಳಿಗೆ ಸುದ್ದಿಯೇ ಇಲ್ಲ. ಕೆಲವು ಹುಡುಗಿಯರು ತೀರಿಕೊಂಡ ಮೇಲೆ 2010ರಲ್ಲಿ ಅಧ್ಯಯನ ನಿಂತಿತು. ಸಾವುಗಳಿಗೆ ಲಸಿಕೆ ಕಾರಣವೆಂದು ತನಿಖೆಯಲ್ಲಿ ಕಂಡುಬರಲಿಲ್ಲ, ಆ ಲಸಿಕೆ ಒಳ್ಳೆಯದೇ, ಅದಕ್ಕೆ ಹೆದರಬೇಡಿ. ಆದರೆ ಒಪ್ಪಿಗೆ ಪಡೆದ ರೀತಿ ತಪ್ಪು, ನಾಚಿಕೆಗೇಡು. ಸಂಸದೀಯ ಸಮಿತಿ 2013ರಲ್ಲಿ ಅದನ್ನು ಕಟುವಾಗಿ ಖಂಡಿಸಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಕೂಡ ಟ್ರಯಲ್‌ಗಳ ವಿಷಯದಲ್ಲಿ ಕೇಂದ್ರ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಇವತ್ತು ನಿಮ್ಮ ಕೈಯಲ್ಲಿರುವ ಕಾಗದ ಅಷ್ಟು ದಪ್ಪ ಇರುವುದು, ಒಪ್ಪಿಗೆ ಪಡೆಯುವಾಗ ಕೆಲವು ಕಡೆ ಕ್ಯಾಮೆರಾ ಇಟ್ಟು ರೆಕಾರ್ಡ್ ಮಾಡುವುದು, ನಾಮಿನಿ ಕೇಳುವುದು, ಎಲ್ಲದರ ಹಿಂದೆ ಆ ವರ್ಷಗಳ ಪಾಠವಿದೆ.

ಈಗ ಜಾರಿಯಲ್ಲಿರುವುದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು. ಮಾಹಿತಿ ಪತ್ರ ನಿಮ್ಮ ತಂದೆಗೆ ತಿಳಿಯುವ ಭಾಷೆಯಲ್ಲಿ, ಅಂದರೆ ಕನ್ನಡದಲ್ಲಿ ಇರಬೇಕು. ಸಹಿ ಮಾಡಿದ ಪತ್ರದ ಒಂದು ಪ್ರತಿ ಅವರ ಕೈಗೆ ಬರಬೇಕು. ಓದಲು ಬಾರದವರಾದರೆ ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಎದುರಿಗೇ ಇರಬೇಕು. ಹಾನಿಯಾದರೆ ಚಿಕಿತ್ಸೆ ಉಚಿತ, ಹಾನಿಗೂ ಟ್ರಯಲ್‌ಗೂ ಸಂಬಂಧವಿಲ್ಲ ಎಂದು ಸಾಬೀತಾಗುವವರೆಗೆ ಅದನ್ನು ನಿಲ್ಲಿಸುವಂತಿಲ್ಲ. ಟ್ರಯಲ್‌ನಿಂದಲೇ ಆದದ್ದೆಂದು ತೀರ್ಮಾನವಾದರೆ ಪರಿಹಾರ ಬೇರೆ. ಸಾವಿನ ಸಂದರ್ಭದಲ್ಲಿ 8 ಲಕ್ಷ ರೂಪಾಯಿಯನ್ನು ಮೂಲವಾಗಿಟ್ಟುಕೊಂಡು ವಯಸ್ಸು, ಸೇರುವಾಗಿನ ಕಾಯಿಲೆಯ ತೀವ್ರತೆ ನೋಡಿ ಲೆಕ್ಕ ಹಾಕುತ್ತಾರೆ. ಆಸ್ಪತ್ರೆಗೆ ಸೇರಿಸುವಂಥ ಗಂಭೀರ ತೊಂದರೆ ಕಂಡರೆ ಡಾಕ್ಟರು 24 ಗಂಟೆಯೊಳಗೆ ಮೇಲಿನವರಿಗೆ ವರದಿ ಕಳಿಸಬೇಕು.

ಆ ಮೇಲಿನವರಲ್ಲಿ ಒಬ್ಬರು ಎಥಿಕ್ಸ್ ಕಮಿಟಿ. ಕನಿಷ್ಠ ಏಳು ಜನ, ಅರ್ಧದಷ್ಟಾದರೂ ಆಸ್ಪತ್ರೆಯ ಹೊರಗಿನವರು. ಕಾನೂನು ಬಲ್ಲವರೊಬ್ಬರು, ನಿಮ್ಮ ನಮ್ಮಂಥ ಸಾಮಾನ್ಯರೊಬ್ಬರು, ಮಹಿಳೆಯೊಬ್ಬರು ಇರಲೇಬೇಕು. ಅವರು ಒಪ್ಪದೆ ಟ್ರಯಲ್ ಶುರುವಾಗುವುದಿಲ್ಲ. ಆ ಕಮಿಟಿಯ ಫೋನ್ ನಂಬರ್ ಮಾಹಿತಿ ಪತ್ರದ ಕೊನೆಯಲ್ಲಿ ಎಲ್ಲೋ ಇರುತ್ತದೆ, ಅದರ ಕೆಳಗೆ ಗೆರೆ ಎಳೆಯಿರಿ. ಡಾಕ್ಟರನ್ನು ಕೇಳಲು ಸಂಕೋಚವಾಗುವ ಪ್ರಶ್ನೆ ಇದ್ದರೆ ಅಲ್ಲಿ ಕೇಳಿ.

ನಿಮ್ಮದು ಇನ್ನೂ ಶುರುವಾಗದ ಟ್ರಯಲ್, ಅದು ನಿಮ್ಮ ಅದೃಷ್ಟ, ಕೈಯಲ್ಲಿ ಸಮಯವಿದೆ. ಭಾರತದಲ್ಲಿ ನಡೆಯುವ ಇಂಥ ಪ್ರತಿಯೊಂದು ಟ್ರಯಲ್ಲೂ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯಲ್ಲಿ ದಾಖಲಾಗಬೇಕು. ಕೋಆರ್ಡಿನೇಟರ್ ಹತ್ತಿರ ನೋಂದಣಿ ಸಂಖ್ಯೆ ಕೇಳಿ ತಮ್ಮನಿಗೆ ಕಳಿಸಿ. ಆ ನೋಂದಣಿಯ ವೆಬ್ ಪುಟ ಇಂಗ್ಲಿಷಿನಲ್ಲಿರುತ್ತದೆ, ಅವನು ಓದಿ ಹೇಳಲಿ. ಯಾವ ಕಂಪನಿ ದುಡ್ಡು ಹಾಕಿದೆ, ಯಾವ ಯಾವ ಊರಿನ ಆಸ್ಪತ್ರೆಗಳಲ್ಲಿ ನಡೆಯುತ್ತದೆ, ಯಾರನ್ನು ಸೇರಿಸುತ್ತಾರೆ, ಯಾರನ್ನು ಬಿಡುತ್ತಾರೆ, ಎಷ್ಟನೇ ಹಂತ, ಎಲ್ಲ ಅಲ್ಲಿರುತ್ತದೆ. ಹಂತ ಮುಖ್ಯ. ಒಂದನೇ ಹಂತದಲ್ಲಿ ಔಷಧವನ್ನು ಕೆಲವೇ ಜನರ ಮೈಗೆ ಮೊದಲ ಬಾರಿ ಕೊಟ್ಟು ನೋಡುತ್ತಾರೆ. ಎರಡನೆಯದರಲ್ಲಿ ಡೋಸ್ ಎಷ್ಟು, ಕೆಲಸ ಮಾಡುವ ಲಕ್ಷಣ ಇದೆಯೇ ಎಂದು ನೋಡುತ್ತಾರೆ. ಮೂರನೆಯದಕ್ಕೆ ಬರುವ ಹೊತ್ತಿಗೆ ಔಷಧವನ್ನು ನೂರಾರು ಜನ ತೆಗೆದುಕೊಂಡಿರುತ್ತಾರೆ, ಅಡ್ಡಪರಿಣಾಮಗಳ ಒಂದು ಅಂದಾಜು ಸಿಕ್ಕಿರುತ್ತದೆ. ಅರ್ಧ ಅರ್ಧ ಹಂಚುತ್ತಾರೆ ಎಂದರೆ ನಿಮ್ಮದು ಎರಡೋ ಮೂರೋ ಇರಬೇಕು, ಯಾವುದೆಂದು ಖಚಿತ ಮಾಡಿಕೊಳ್ಳಿ.

ತಮ್ಮನ "ಪುಕ್ಕಟೆ" ಮಾತಿಗೆ ಉತ್ತರ ಚಿಕ್ಕದು. ಟ್ರಯಲ್ ಮಾತ್ರೆಗೆ, ಅದಕ್ಕೆಂದೇ ಮಾಡುವ ಪರೀಕ್ಷೆಗಳಿಗೆ ದುಡ್ಡು ತೆಗೆದುಕೊಳ್ಳಬಾರದು, ಸಾಮಾನ್ಯವಾಗಿ ಓಡಾಟದ ಖರ್ಚನ್ನೂ ಕೊಡುತ್ತಾರೆ. ದುಡ್ಡು ಕಟ್ಟಿ ಟ್ರಯಲ್ ಸೇರಿ ಎಂದು ಯಾರಾದರೂ ಎಂದರೆ ಅಲ್ಲಿಂದ ಎದ್ದು ಬನ್ನಿ. ಆದರೆ ಖರ್ಚು ಉಳಿಯುತ್ತದೆ ಎಂಬುದಷ್ಟೇ ಸೇರಲು ಕಾರಣವಾಗಬಾರದು. ಹುಬ್ಬಳ್ಳಿಗೆ ಎಷ್ಟು ಸಲ ಬರಬೇಕು, ಬೀಜದ ಕ್ರಾಸಿಂಗ್ ನಡೆಯುವ ವಾರಗಳಲ್ಲಿ ಕರೆದರೆ ಏನು ಮಾಡುವುದು, 24 ಗಂಟೆಯ ಮೂತ್ರ ಹಿಡಿದು ಬಸ್ಸಿನಲ್ಲಿ ತರಬೇಕೇ, ಟ್ರಯಲ್ ಮುಗಿದ ಮೇಲೆ ಔಷಧ ಹಿಡಿಸಿದ್ದರೆ ಮುಂದೆಯೂ ಸಿಗುತ್ತದೆಯೇ, ಇವನ್ನೆಲ್ಲ ಮೊದಲೇ ಕೇಳಿ. ಕೊನೆಯದಕ್ಕೆ ಲಿಖಿತ ಉತ್ತರ ಕೇಳಿ. ಇಷ್ಟಾದರೂ ಸೇರಿಸಿಕೊಳ್ಳುವ ಮುನ್ನ ಮಾಡುವ ಸ್ಕ್ರೀನಿಂಗ್ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಹೊಂದಲಿಲ್ಲ ಎಂದು ಅವರೇ ಬೇಡ ಎನ್ನಬಹುದು. ಆಗ ಅಪ್ಪ ಕುಗ್ಗದಂತೆ ಈಗಲೇ ಹೇಳಿಟ್ಟಿರಿ.

ಬೇಡ ಎಂದರೆ ಡಾಕ್ಟರು ಮುನಿಸಿಕೊಂಡಾರೇ? ಸೇರದಿದ್ದರೂ, ಸೇರಿ ನಡುವೆ ಬಿಟ್ಟರೂ ಮಾಮೂಲಿ ಚಿಕಿತ್ಸೆಗೆ ಧಕ್ಕೆಯಾಗಬಾರದು ಎಂಬುದು ನಿಮ್ಮ ಕೈಯಲ್ಲಿರುವ ಪತ್ರದಲ್ಲೇ ಅಚ್ಚಾಗಿರುತ್ತದೆ. ಕಾರಣ ಕೊಡುವ ಅಗತ್ಯವೂ ಇಲ್ಲ. ಹೇಳುವುದು ಹೇಗೆ ಎಂದು ಅಳುಕಿದರೆ ಹೀಗೆ ಹೇಳಿ: "ಸರ್, ಕಾಗದ ಮನೇಲಿ ಓದಿದ್ವಿ. ಸದ್ಯಕ್ಕೆ ಬೇಡ ಅನ್ನಿಸ್ತು. ಅಪ್ಪನ ಟ್ರೀಟ್‌ಮೆಂಟ್ ನಿಮ್ಮ ಹತ್ರಾನೇ ಮುಂದುವರಿಸ್ತೀವಿ." ಇಷ್ಟು ಸಾಕು. ಒಂದು ವೇಳೆ ಅಷ್ಟಕ್ಕೇ ಮುಖ ತಿರುಗಿಸಿದರೆ, ಗೆರೆ ಎಳೆದಿಟ್ಟ ನಂಬರ್ ಅದಕ್ಕೇ ಇರುವುದು.

ಇನ್ನು ನೀವು ಕೊನೆಗೆ ಕೇಳಿದ್ದು, ಪತ್ರದುದ್ದಕ್ಕೂ ನಿಮ್ಮನ್ನು ಹಿಂಡುತ್ತಿರುವುದು. ನಾನು ಹೂಂ ಅಂದರೆ, ನಾನು ಬೇಡ ಅಂದರೆ ಎಂದು ಬರೆದಿದ್ದೀರಿ. ತಾಯಿ, ಇಲ್ಲಿ ನಿಮ್ಮ ಹೂಂ ಯಾರಿಗೂ ಬೇಕಿಲ್ಲ. ನಿಮ್ಮ ತಂದೆಯವರಿಗೆ ಪ್ರಜ್ಞೆ ಇದೆ, ಬುದ್ಧಿ ಇದೆ, ಕಂಪನಿಗಳ ಜೊತೆ ಕರಾರು ಮಾಡಿ ವ್ಯವಹಾರ ನಡೆಸುತ್ತಿದ್ದಾರೆ. ಒಪ್ಪಿಗೆ ಕೊಡುವವರು ಅವರೇ. ಬೇರೆಯವರು ಸಹಿ ಹಾಕುವುದು ರೋಗಿ ತಾನೇ ನಿರ್ಧರಿಸಲಾರದ ಸ್ಥಿತಿಯಲ್ಲಿದ್ದಾಗ ಮಾತ್ರ. ಕರೆದೊಯ್ಯುವವರು, ಚೀಟಿ ಇಟ್ಟುಕೊಳ್ಳುವವರು, ಊಟಕ್ಕೆ ಉಪ್ಪು ಕಡಿಮೆ ಹಾಕುವವರು ನೀವಾದ್ದರಿಂದ ನಿರ್ಧಾರವೂ ನಿಮ್ಮದೇ ಎಂದು ಹೊತ್ತುಕೊಂಡುಬಿಟ್ಟಿದ್ದೀರಿ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಮೇಲೆ ಈ ಭಾರ ತಾನಾಗಿಯೇ ಬಂದು ಕೂರುತ್ತದೆ, ನನಗದು ಗೊತ್ತು. ಇದೊಂದನ್ನು ಇಳಿಸಿ.

ನಿಮ್ಮ ಕೆಲಸ ಬೇರೆ ಇದೆ: ಅಪ್ಪ ತಿಳಿದು ನಿರ್ಧರಿಸುವಂತೆ ಮಾಡುವುದು. ಒಂದು ಸಂಜೆ ಕಾಕಾ ಅವರನ್ನೂ ಕೂರಿಸಿಕೊಂಡು ಕನ್ನಡದ ಮಾಹಿತಿ ಪತ್ರವನ್ನು ನಿಧಾನವಾಗಿ ಜೋರಾಗಿ ಓದಿ. ಅರ್ಥವಾಯಿತೇ ಎಂದು ಕೇಳಬೇಡಿ, ಎಲ್ಲರೂ ಹೂಂ ಎನ್ನುತ್ತಾರೆ. ನಿಮ್ಮ ಮಾತಿನಲ್ಲಿ ನನಗೆ ಹೇಳಿ ಅಪ್ಪಾ ಎನ್ನಿ. ನನಗೆ ಬರುವುದು ಡಮ್ಮಿ ಮಾತ್ರೆಯೂ ಆಗಬಹುದು, ಇದರಿಂದ ನನಗೆ ಲಾಭ ಆಗದೆಯೂ ಇರಬಹುದು, ಬೇಡವಾದ ದಿನ ಬಿಟ್ಟು ಬರಬಹುದು, ಹೀಗೆ ಅವರ ಬಾಯಿಂದಲೇ ಬಂದರೆ ಅವರ ಸಹಿಗೆ ಬೆಲೆ ಇದೆ. "ಅದೆಲ್ಲಾ ಡಾಕ್ಟರಿಗೆ ಗೊತ್ತೈತಿ" ಎಂದರೆ ಇನ್ನೂ ಸಹಿ ಹಾಕುವ ಹೊತ್ತು ಬಂದಿಲ್ಲ. ಡಾಕ್ಟರ ಹತ್ತಿರ ಮತ್ತೊಮ್ಮೆ ಹೋಗಿ, ಅವರೇ ಎದುರಿಗೆ ಕೂತು ಬಿಡಿಸಿ ಹೇಳಲಿ, ಅದು ಅವರ ಕರ್ತವ್ಯ.

ನನ್ನ ಅಭಿಪ್ರಾಯ ಕೇಳಿದರೆ: ಈಗಿನ ಚಿಕಿತ್ಸೆ ಪೂರ್ತಿ ಮುಂದುವರಿಯುವ, ನೋಂದಣಿಯಾದ, ಮೂರನೇ ಹಂತದ ಟ್ರಯಲ್ ಆಗಿದ್ದು, ಅಪ್ಪನಿಗೆ ಮನಸ್ಸಿದ್ದರೆ ನಾನು ತಡೆಯುವುದಿಲ್ಲ. ಪದೇಪದೇ ರಕ್ತ ಮೂತ್ರ ಪರೀಕ್ಷೆಯಾಗಿ ಕಿಡ್ನಿಯ ಮೇಲೆ ಒಂದು ಕಣ್ಣು ಇದ್ದೇ ಇರುತ್ತದೆ. ಜೊತೆಗೆ ಸೇರುವವರು ಇಲ್ಲದೆ ಯಾವ ಔಷಧವೂ ನಮ್ಮ ಕೈಗೆ ಬರುತ್ತಿರಲಿಲ್ಲ. 1956ರಲ್ಲಿ ಮದ್ರಾಸಿನಲ್ಲಿ 193 ಕ್ಷಯರೋಗಿಗಳ ಮೇಲೆ ಒಂದು ಟ್ರಯಲ್ ಶುರುವಾಯಿತು, ಕೆಲವರು ಸ್ಯಾನಟೋರಿಯಂನಲ್ಲಿ ಒಳ್ಳೆಯ ಊಟ, ವಿಶ್ರಾಂತಿಯೊಂದಿಗೆ, ಉಳಿದವರು ತಮ್ಮ ಇಕ್ಕಟ್ಟಿನ ಬಡ ಮನೆಗಳಲ್ಲೇ ಮಾತ್ರೆ ನುಂಗುತ್ತ. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. ಇವತ್ತು ಟಿಬಿ ಬಂದವರು ಮನೆಯವರ ಜೊತೆಯಲ್ಲೇ ಇದ್ದು ಗುಣವಾಗುವುದು ಆ ಬಡವರು ಒಪ್ಪಿದ್ದರಿಂದ. ನಿಮ್ಮ ತಂದೆಯವರಿಗೆ ಇದನ್ನೂ ಹೇಳಿ, ಆದರೆ ಒತ್ತಾಯಕ್ಕೆ ಬಳಸಬೇಡಿ.

ಸೇರಿದರೆ ಅವರು ಕೊಡುವ ಗುರುತಿನ ಕಾರ್ಡು ಸದಾ ಜೇಬಿನಲ್ಲಿರಲಿ, ಊರಿನ ಡಾಕ್ಟರ ಹತ್ತಿರ ಜ್ವರಕ್ಕೆ ಹೋದಾಗಲೂ ತೋರಿಸಲಿ. ಬಿಡಬೇಕೆನಿಸಿದರೆ ಸುಮ್ಮನೆ ಮನೆಯಲ್ಲಿ ಕೂರದೆ ಫೋನ್ ಮಾಡಿ ಹೇಳಿ, ಮಾತ್ರೆಯನ್ನು ಸರಿಯಾಗಿ ನಿಲ್ಲಿಸಲು ಅದು ಬೇಕು. ಮನೆಯಲ್ಲಿರುವ ಎಲ್ಲ ಔಷಧಗಳನ್ನೂ ಒಂದು ಚೀಲಕ್ಕೆ ಹಾಕಿ ಕೋಆರ್ಡಿನೇಟರ್ ಮುಂದೆ ಸುರಿಯಿರಿ: ಕಷಾಯದ ಪುಡಿ, ನಾಟಿ ಔಷಧ, ಮೆಡಿಕಲ್ ಶಾಪಿನಿಂದ ತಂದ ಮಂಡಿನೋವಿನ ಮಾತ್ರೆ, ಯಾವುದನ್ನೂ ಬಿಡಬೇಡಿ. ಹೊಲದಲ್ಲಿ ಬಗ್ಗಿ ದುಡಿಯುವವರು ಡೈಕ್ಲೋಫಿನಾಕ್‌ನಂಥ ನೋವಿನ ಮಾತ್ರೆಗಳನ್ನು ಯಾರಿಗೂ ಹೇಳದೆ ನುಂಗುವುದುಂಟು, ಕಿಡ್ನಿಗೆ ಅವು ಬಹಳ ಕೆಟ್ಟವು. ಅಪ್ಪ ಟ್ರಯಲ್ ಸೇರಲಿ ಬಿಡಲಿ, ಆ ಮಾತ್ರೆಗಳಿದ್ದರೆ ಇವತ್ತೇ ನಿಲ್ಲಿಸಿ, ನೋವಿಗೆ ಬೇರೆ ಏನು ತೆಗೆದುಕೊಳ್ಳಬಹುದೆಂದು ಡಾಕ್ಟರನ್ನು ಕೇಳಿ.